ಭೌತಶಾಸ್ತ್ರದಲ್ಲಿ ನಮ್ಮ ಭಾವ ಹಿಡಿದ ತಪ್ಪು

ನಮ್ಮ ಭಾವ ಸುಳ್ಳು ಹೇಳುವವರಲ್ಲ. ಸುಳ್ಳು ಹೇಳಲು ಬೇಕಾದಷ್ಟು ಜಾಣತನ ಅವರಿಗಿಲ್ಲ ಎಂದು ಅಕ್ಕ ಹೇಳುತ್ತಾಳೆ. ಕಟ್ಟಿಕೊಂಡವಳು ಅವಳು, ಅವಳ ಮಾತನ್ನು ನಂಬಲೇಬೇಕು. ಅಂಥವರು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದರು. ಅದನ್ನೂ ಮನೆಯಲ್ಲಿ ಹೆಂಡತಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೋಗಿ ಹೋಗಿ ಲೈಬ್ರರಿಯ ಓದುಗರ ಬಳಗದಲ್ಲಿ, ತುಂಬಿದ ಸಭೆಯಲ್ಲಿ, ಎದೆಯುಬ್ಬಿಸಿ ಹೇಳಿದರು.

ಭಾವನ ಕೆಲಸ ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ. ಬಸ್ಸಿನಲ್ಲಿ ಜನ ಬಿಟ್ಟುಹೋದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ, ಒಮ್ಮೊಮ್ಮೆ ಹಲ್ಲಿನ ಸೆಟ್ಟು ಎಲ್ಲ ಅವರ ಕಪಾಟಿಗೆ ಬರುತ್ತವೆ. ನನ್ನ ಜೆರಾಕ್ಸ್ ಅಂಗಡಿ ಎದುರಿಗೇ ಇರುವುದರಿಂದ ಮಧ್ಯಾಹ್ನದ ಊಟ ಇಬ್ಬರದೂ ಅಲ್ಲೇ, ಕೊಡೆಗಳ ನಡುವೆ. ಒಂದು ದಿನ ಆ ಕಪಾಟಿಗೆ ಒಂದು ದಪ್ಪ ಕಾದಂಬರಿ ಬಂತು. ಹೊಸದು, ಬಹುಮಾನ ಬಂದದ್ದು, ಹೆಸರೇ ಎರಡು ಸಾಲು ಉದ್ದ. ನಾಯಕ ಭೌತಶಾಸ್ತ್ರಜ್ಞ ಎಂದು ಹಿಂಬದಿಯ ಹೊದಿಕೆಯ ಮೇಲಿತ್ತು. ಒಂಟಿ ಚಪ್ಪಲಿ ಕೇಳಿಕೊಂಡು ಬಂದವರುಂಟು, ಆ ಕಾದಂಬರಿಯನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ. ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಭಾವ ಅದನ್ನು ಒತ್ತು ಕೊಟ್ಟು ಇಟ್ಟಿದ್ದರು.

ಇಷ್ಟಕ್ಕೇ ನಿಂತಿದ್ದರೆ ಆ ಪುಸ್ತಕದಿಂದ ಎಲ್ಲರಿಗೂ ಉಪಯೋಗವಾಗುತ್ತಿತ್ತು. ಆದರೆ ಓದುಗರ ಬಳಗದಲ್ಲಿ ಪುಸ್ತಕ ತರುವ ಸರದಿ ಭಾವನದಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಇವರು ಬಾಗಿಲ ಬುಡದಿಂದ ಅದನ್ನು ಎತ್ತಿ, ಧೂಳು ಒರೆಸಿ, ಕಂಕುಳಲ್ಲಿಟ್ಟುಕೊಂಡು ಹೊರಟರು. ಜೊತೆಗೆ ನಾನೂ ಹೊರಟೆ.

“ಓದಿದ್ದೀರಾ ಭಾವ?” ಎಂದು ಕೇಳಿದೆ.

“ಎತ್ತಿ ನೋಡೋ ಒಂದ್ಸಲ, ಎಷ್ಟು ಭಾರ ಇದೆ! ಇಂಥದ್ದು ತಂದ್ರೆ ಬಳಗದಲ್ಲಿ ಒಂದು ತೂಕ ಬರುತ್ತೆ,” ಎಂದರು. ಇದು ಪ್ರಶ್ನೆಗೆ ಉತ್ತರವಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಆ ಬಳಗದ ಕಟ್ಟುಪಾಡೊಂದನ್ನು ಇಲ್ಲಿ ಹೇಳಬೇಕು. ಪುಸ್ತಕದ ಬಗ್ಗೆ ಪ್ರತಿಯೊಬ್ಬರೂ ಒಂದು ಗುಣ, ಒಂದು ದೋಷ ಹೇಳಬೇಕು. ಒಂದೇ ಗುಣವನ್ನು ಎಷ್ಟು ಜನ ಬೇಕಾದರೂ ಹೇಳಬಹುದು, ಆದರೆ ಒಬ್ಬರು ಹೇಳಿದ ದೋಷವನ್ನು ಇನ್ನೊಬ್ಬರು ಹೇಳುವಂತಿಲ್ಲ. ಪುಸ್ತಕ ತಂದವರು ಕೊನೆಗೆ ಮಾತಾಡಬೇಕು. ಲೈಬ್ರರಿಯ ಮೇಡಂ ಕೈಯಲ್ಲಿ ಪುಟ್ಟ ಗಂಟೆ ಹಿಡಿದು ಕೂತಿರುತ್ತಾರೆ, ಯಾರಾದರೂ ದೋಷ ಪುನರಾವರ್ತನೆ ಮಾಡಿದರೆ ಬಾರಿಸುತ್ತಾರೆ.

ಬಳಗದ ಅಧ್ಯಕ್ಷರಾದ ಹಲ್ಲಿನ ಡಾಕ್ಟ್ರು ಮೊದಲು ಎದ್ದು ಕಾದಂಬರಿ ಉದ್ದವಾಯಿತು ಎಂದುಬಿಟ್ಟರು. ಭಾವನ ಮುಖ ಚಿಕ್ಕದಾಯಿತು, ಏಕೆಂದರೆ ಅವರು ಇಟ್ಟುಕೊಂಡಿದ್ದ ದೋಷ ಅದೇ. ಮುಂದಿನವರು ಅಚ್ಚಿನ ತಪ್ಪು ಎಂದರು. ಅದರ ಮುಂದಿನವರು ಅಕ್ಷರ ಸಣ್ಣದು ಎಂದರು. ಹೀಗೇ ಮುಖಪುಟ, ಬೆಲೆ, ಕಾಗದ, ಕಥೆಯಲ್ಲಿ ಕಥೆ ಇಲ್ಲ, ಎಲ್ಲವೂ ಖಾಲಿಯಾದವು. ಭಾವ ಎದ್ದು ನಿಂತಾಗ ಜಗತ್ತಿನಲ್ಲಿ ದೋಷಗಳೇ ಉಳಿದಿರಲಿಲ್ಲ.

“ಗುಣ ಅಂದ್ರೆ... ಭಾಷೆ ಚೆನ್ನಾಗಿದೆ,” ಎಂದರು ಭಾವ.

“ದೋಷ?” ಎಂದರು ಮೇಡಂ, ಗಂಟೆಯನ್ನು ತಯಾರಾಗಿ ಹಿಡಿದು.

ಭಾವ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದರು. ಹಿಂಬದಿಯ ಹೊದಿಕೆಯ ಮೇಲಿನ ಒಂದು ಪದ ಕಣ್ಣಿಗೆ ಬಿತ್ತು.

“ಈ ಕಾದಂಬರಿಯಲ್ಲಿ ಭೌತಶಾಸ್ತ್ರ ತಪ್ಪಾಗಿದೆ,” ಎಂದರು.

ಬಳಗದ ಇತಿಹಾಸದಲ್ಲೇ ಇಂಥ ದೋಷ ಯಾರೂ ಹಿಡಿದಿರಲಿಲ್ಲ. ಹಲ್ಲಿನ ಡಾಕ್ಟ್ರು ಬಾಯಿ ತೆರೆದರು, ಬೇರೆಯವರ ಬಾಯಿ ತೆರೆಸಿ ಬದುಕುವವರು ಅವರು, ತಮ್ಮದು ಹೀಗೆ ತೆರೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಯಾವ ಪುಟದಲ್ಲಿ, ಏನು ತಪ್ಪು ಎಂದು ಯಾರೂ ಕೇಳಲಿಲ್ಲ. ಕೇಳಿದರೆ ತಮಗೆ ಗೊತ್ತಿಲ್ಲವೆಂದು ಬಯಲಾಗುತ್ತದಲ್ಲ! ಎಲ್ಲರೂ ತಮಗೂ ಹಾಗೇ ಅನಿಸಿತ್ತು ಎಂಬಂತೆ ತಲೆಯಾಡಿಸಿದರು. ಭಾವ ಗೆದ್ದ ಕುದುರೆಯ ಹಾಗೆ ಮನೆಗೆ ಬಂದರು.

ಮಾರನೆಯ ದಿನ ಲೈಬ್ರರಿಯ ಫಲಕದ ಮೇಲೆ ಮೇಡಂ ಬಣ್ಣದ ಸೀಮೆಸುಣ್ಣದಲ್ಲಿ ಬರೆದರು: “ಬಹುಮಾನಿತ ಕಾದಂಬರಿಯಲ್ಲಿ ಭೌತಶಾಸ್ತ್ರದ ದೋಷ ಪತ್ತೆ. ಪತ್ತೆ ಮಾಡಿದವರು ನಮ್ಮ ಬಳಗದ ಸದಸ್ಯರು.” ಅಲ್ಲಿಂದ ಸುದ್ದಿ ಮೊಬೈಲಿಗೆ ಹತ್ತಿತು. ಮೊಬೈಲಿಗೆ ಹತ್ತಿದ ಮೇಲೆ ಕಡ್ಡಿ ಗುಡ್ಡವಾಗದೆ ಇರುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಭಾವ ವಿಜ್ಞಾನಿಯಾಗಿದ್ದರು. ಸಂಜೆಯ ಹೊತ್ತಿಗೆ, ಇಷ್ಟು ದಿನ ಅದನ್ನು ಮುಚ್ಚಿಟ್ಟುಕೊಂಡಿದ್ದ ವಿನಯಶೀಲ ವಿಜ್ಞಾನಿಯಾಗಿದ್ದರು.

ಭಾವನ ಮನೆಯ ಮೇಲಿನ ಮಹಡಿಯ ಆಂಟಿ ಕುಕ್ಕರ್ ಎತ್ತಿಕೊಂಡು ಮೆಟ್ಟಿಲಿಳಿದು ಬಂದರು. “ಇದು ಕೂಗ್ತಾನೇ ಇಲ್ಲ ನೋಡಿ. ಮೂರು ಅಂಗಡಿಗೆ ತೋರಿಸ್ದೆ. ಮನೇಲೇ ಇಷ್ಟು ದೊಡ್ಡ ವಿದ್ವಾಂಸರನ್ನ ಇಟ್ಕೊಂಡು ನಾನು ಊರೆಲ್ಲ ಸುತ್ತಿದೀನಿ!”

ಭಾವ ಕುಕ್ಕರನ್ನು ನೋಡಿದರು. ಕುಕ್ಕರ್ ಭಾವನನ್ನು ನೋಡಿತು. “ಸ್ವಲ್ಪ ದಿನ ಅದರ ಪಾಡಿಗೆ ಬಿಟ್ಟುಬಿಡಿ,” ಎಂದರು ಭಾವ. ಆಂಟಿ ಆ ಮಾತಿನ ಆಳಕ್ಕೆ ಬೆರಗಾಗಿ ಮೇಲೆ ಹೋದರು.

ಡಿಪೋ ಮ್ಯಾನೇಜರ್ ಇನ್ನೂ ಮುಂದೆ ಹೋದರು. ಭಾವನನ್ನು ತಮ್ಮ ಕೋಣೆಗೆ ಕರೆಸಿ, ಎಂದೂ ಇಲ್ಲದ್ದು, ಕುರ್ಚಿ ಕೊಟ್ಟರು. “ನೋಡಿ, ಬಸ್ಸು ಲೇಟು ಅಂತ ಪ್ಯಾಸೆಂಜರ್‌ಗಳ ದೂರು ದಿನಾ ಬರ್ತಿದೆ. ಕಾಲ ಅನ್ನೋದು ಎಲ್ಲರಿಗೂ ಒಂದೇ ಥರ ಓಡಲ್ಲ ಅಂತ ನಿಮ್ಮ ಭೌತಶಾಸ್ತ್ರದಲ್ಲಿ ಇದೆಯಂತಲ್ಲ? ಅದನ್ನ ಸ್ವಲ್ಪ ಬರೆದುಕೊಡಿ. ಬಸ್ಸು ಲೇಟಾಗಿಲ್ಲ, ನಿಂತು ಕಾಯೋರ ಕಾಲ ಬೇಗ ಓಡಿದೆ, ಅಷ್ಟೇ. ಬೋರ್ಡು ಮಾಡಿಸಿ ಹಾಕಿಬಿಡೋಣ.”

“ಜನ ಒಪ್ತಾರಾ ಸಾರ್?”

“ವಿಜ್ಞಾನ ಅಂದ್ಮೇಲೆ ಒಪ್ಪಲೇಬೇಕು ಕಣ್ರೀ.”

ಊರಿನ ಈ ಕುಣಿತವೆಲ್ಲ ಭಾವನಿಗೆ ಒಳಗೊಳಗೇ ಹಿತವಾಗಿಯೇ ಇತ್ತು. ಸುದ್ದಿ ನಮ್ಮಪ್ಪನ ಕಿವಿಗೆ ಬಿದ್ದ ದಿನ ಮಾತ್ರ ಅವರ ಮುಖದ ಬಣ್ಣ ಇಳಿದುಹೋಯಿತು.

ನಮ್ಮಪ್ಪ ಭೌತಶಾಸ್ತ್ರದ ಮೇಷ್ಟ್ರು. ಈಗ ನಿವೃತ್ತರು, ಹಾಗೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಭಾವ ಅವರ ಶಿಷ್ಯರು. ಶಿಷ್ಯ ಎಂದರೆ ಮುದ್ದಿನ ಶಿಷ್ಯ ಎಂದುಕೊಳ್ಳಬೇಡಿ. ಒಮ್ಮೆ ತರಗತಿಯಲ್ಲಿ ಅಪ್ಪ ಇವರನ್ನು ಎಬ್ಬಿಸಿ, ಮೇಲಕ್ಕೆಸೆದ ಕಲ್ಲು ಕೆಳಗೆ ಯಾಕೆ ಬರುತ್ತದೆ ಎಂದು ಕೇಳಿದರಂತೆ. “ಮೇಲೆ ಅದಕ್ಕೇನು ಕೆಲಸ ಸಾರ್?” ಎಂದರಂತೆ ಇವರು. ತುಂಟತನದಿಂದಲ್ಲ, ಪಾಪ, ಯೋಚಿಸಿಯೇ ಹೇಳಿದ್ದು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಪ್ಪ ಸೀಮೆಸುಣ್ಣ ಕೆಳಗಿಟ್ಟು, “ಇನ್ನು ನನ್ನ ಜನ್ಮದಲ್ಲಿ ನಿನ್ನನ್ನು ಒಂದು ಪ್ರಶ್ನೆ ಕೇಳಲ್ಲ” ಎಂದು ಶಪಥ ಮಾಡಿ, ಕೋಣೆಯ ಮೂಲೆಯಲ್ಲಿ ನಿಲ್ಲಿಸಿದರು. ಅಂದು ಊಟದ ಹೊತ್ತಿಗೆ ಅಪ್ಪ ಕೆಂಡವಾಗಿ ಇದನ್ನು ಹೇಳುತ್ತಿದ್ದರೆ, ಅಕ್ಕ ತಟ್ಟೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುಂದೆ ವರ್ಷಗಳಾದ ಮೇಲೆ, ಮದುವೆಯಾದರೆ ಅವನನ್ನೇ ಎಂದು ಹಟ ಹಿಡಿದು ಕೂತಳು.

ಅಪ್ಪ ಮದುವೆಗೆ ಒಪ್ಪಿದರು, ಶಪಥವನ್ನು ಬಿಡಲಿಲ್ಲ. ಮಗಳನ್ನು ಕೊಟ್ಟರು, ಪ್ರಶ್ನೆ ಕೊಡಲಿಲ್ಲ. ಅಳಿಯನ ಮನೆಗೆ ಬಂದರೆ ಚೆನ್ನಾಗಿದ್ದೀಯಾ ಎಂದು ಕೂಡ ಕೇಳುವುದಿಲ್ಲ, ಅದೂ ಪ್ರಶ್ನೆಯೇ ಅಲ್ಲವೇ? ಏನಿದ್ದರೂ ಅಕ್ಕನ ಮೂಲಕ. ಭಾವನೂ ಅಷ್ಟೇ, ಮಾವ ಎಂದು ಕರೆಯಲು ಬಾಯಿ ಬಾರದೆ ಇವತ್ತಿಗೂ ಸಾರ್ ಎನ್ನುತ್ತಾರೆ. ಒಮ್ಮೆ ಕೊಡೆಗಳ ನಡುವೆ ಊಟ ಮಾಡುತ್ತ ನನ್ನೊಡನೆ ಹೇಳಿದ್ದರು: “ಒಂದೇ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು ಕಣೋ. ನಾನು ತಪ್ಪು ಹೇಳಿದ್ರೂ ಪರವಾಗಿಲ್ಲ. ಕೇಳೋದಕ್ಕೂ ಲಾಯಕ್ಕಿಲ್ಲ ಅನ್ನೋ ಹಾಗೆ ಬದುಕೋದು ಇದೆಯಲ್ಲ, ಅದು ಕಷ್ಟ.” ನಾನು ಅವರ ಡಬ್ಬಿಗೆ ಇನ್ನೊಂದಿಷ್ಟು ಪಲ್ಯ ಹಾಕಿದ್ದೆ.

ಅಂಥ ಅಪ್ಪ ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು ಅಕ್ಕನ ಮನೆಗೆ ಬಂದರು. ಭಾವ ತಟ್ಟನೆ ಎದ್ದು ನಿಂತರು. ಇಬ್ಬರ ನಡುವೆ ಒಂದು ಸ್ಟೂಲಿನಷ್ಟು ಜಾಗ.

“ನೋಡಮ್ಮ,” ಎಂದರು ಅಪ್ಪ ಅಕ್ಕನಿಗೆ, “ತಪ್ಪು ಯಾವ ಪುಟದಲ್ಲಿದೆ ಅಂತ ನಾನು ಕೇಳ್ತಾ ಇಲ್ಲ ಅಂತ ನಿನ್ನ ಗಂಡನಿಗೆ ಹೇಳು.”

“ರೀ, ಅಪ್ಪ ಕೇಳ್ತಾ ಇಲ್ಲ.”

“ನಾನೂ ಹೇಳ್ತಾ ಇಲ್ಲ ಅಂತ ಸಾರ್‌ಗೆ ಹೇಳು.”

“ಅಪ್ಪಾ, ಇವರು ಹೇಳ್ತಾ ಇಲ್ಲ.”

“ಹೇಳಬೇಕಾದ್ದೂ ಇಲ್ಲ. ಪುಸ್ತಕ ಕೊಡಕ್ಕೆ ಹೇಳು. ನಾನೇ ಓದ್ತೀನಿ.”

ಪುಸ್ತಕ ಹೋಯಿತು. ಹೋಗುವಾಗ ಅಪ್ಪ ಬಾಗಿಲಲ್ಲಿ ತಿರುಗಿ ನಿಂತು, ಕದಕ್ಕೆ ಹೇಳುವವರ ಹಾಗೆ ಹೇಳಿದರು: “ನನ್ನ ವಿಷಯದ ಹೆಸರಲ್ಲಿ ಊರ ಮುಂದೆ ಬಾಯಿಗೆ ಬಂದದ್ದು ಮಾತಾಡಿದ್ದು ನಿಜ ಆದ್ರೆ, ಈ ಮನೆ ಮೆಟ್ಟಿಲು ನಾನು ಇನ್ನು ಹತ್ತಲ್ಲ. ಇದನ್ನ ಯಾರಿಗೂ ಹೇಳಬೇಕಾಗಿಲ್ಲ, ಎಲ್ಲರಿಗೂ ಕೇಳಿಸಿದೆ.” ಅಪ್ಪ ಮಾತು ಕೊಟ್ಟರೆ ಹೇಗೆ ನಡೆಸುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಅಕ್ಕನ ಕಣ್ಣು ತುಂಬಿತು.

ಇಷ್ಟರಲ್ಲಿ ಬೆಂಕಿಗೆ ಇನ್ನೊಂದು ಸೌದೆ ಬಿತ್ತು. ಕಾದಂಬರಿಕಾರರು ಊರಿಗೆ ಬಂದು ಸಾರ್ವಜನಿಕವಾಗಿ ಉತ್ತರ ಕೊಡಲು ಒಪ್ಪಿದ್ದಾರೆಂದು ಹಲ್ಲಿನ ಡಾಕ್ಟ್ರು ಘೋಷಿಸಿದರು. ವಿಷಯ: ಇಂದಿನ ಕಾದಂಬರಿಗಳಲ್ಲಿ ಭೌತಶಾಸ್ತ್ರ. ಆಕ್ಷೇಪಣೆ ಮಂಡಿಸುವವರು ನಮ್ಮ ಭಾವ. ನಿಷ್ಪಕ್ಷಪಾತವಾದ ತೀರ್ಪು ಬೇಕೆಂದು, ಊರಿನ ಹಿರಿಯ ಭೌತಶಾಸ್ತ್ರದ ಮೇಷ್ಟ್ರನ್ನು ಅಧ್ಯಕ್ಷತೆಗೆ ಕೇಳಿಕೊಂಡರಂತೆ. ಆ ಮೇಷ್ಟ್ರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಭಾವ ಇನ್ನೊಂದು ಪ್ರತಿ ಲೈಬ್ರರಿಯಿಂದ ತಂದು ಓದತೊಡಗಿದರು. ಅಕ್ಕನೂ ಪಕ್ಕದಲ್ಲಿ ಕೂತು ಓದಿದಳು. ನಾಯಕನಾದ ಭೌತಶಾಸ್ತ್ರಜ್ಞ ಮೊದಲ ಪುಟದಲ್ಲಿ ಕಿಟಕಿಯ ಬಳಿ ನಿಂತವನು ನೂರು ಪುಟ ಕಳೆದರೂ ಕದಲಿರಲಿಲ್ಲ. ಹೆಂಡತಿ ಏನು ಕೇಳಿದರೂ ನಕ್ಷತ್ರದ ವಿಷಯ ಹೇಳುತ್ತಿದ್ದ. “ನಾನು ಇಲ್ಲಿಯೂ ಇದ್ದೇನೆ, ಅಲ್ಲಿಯೂ ಇದ್ದೇನೆ, ನೀನು ನೋಡಿದಾಗ ಮಾತ್ರ ಎಲ್ಲೋ ಒಂದು ಕಡೆ ಇರುತ್ತೇನೆ,” ಎಂದು ಒಂದು ಕಡೆ ಹೇಳಿದ.

“ಎಲ್ಲಾದ್ರೂ ಇರಪ್ಪ, ಬರ್ತಾ ಸೊಪ್ಪು ತಗೊಂಡು ಬಾ ಅನ್ನಬೇಕಿತ್ತು ಅವಳು,” ಎಂದಳು ಅಕ್ಕ.

“ಇದರಲ್ಲಿ ತಪ್ಪು ಎಲ್ಲಿದೆ?” ಎಂದರು ಭಾವ, ಬೆವರೊರೆಸಿಕೊಳ್ಳುತ್ತ.

“ಇವನನ್ನ ಮದುವೆ ಆಗಿದ್ದೇ ತಪ್ಪು,” ಎಂದಳು ಅಕ್ಕ. ಅದು ಭೌತಶಾಸ್ತ್ರದ ತಪ್ಪಲ್ಲವಾದ್ದರಿಂದ ಭಾವನಿಗೆ ಉಪಯೋಗಕ್ಕೆ ಬರಲಿಲ್ಲ.

ಸಭೆಯ ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದಾಗ ಒಬ್ಬರು ಕಚೇರಿಯ ಕಿಂಡಿಯಲ್ಲಿ ಇಣುಕಿದರು. ಜುಬ್ಬಾ, ಹೆಗಲಿಗೆ ಚೀಲ, ನಿದ್ದೆಗೆಟ್ಟ ಕಣ್ಣು. ಕೊಡೆ ಕಳೆದುಹೋಗಿದೆ, ಕಪ್ಪು ಕೊಡೆ, ಎಂದರು. ನಮ್ಮಲ್ಲಿದ್ದ ಕೊಡೆಗಳೆಲ್ಲ ಕಪ್ಪೇ. ಒಂದೊಂದನ್ನೇ ಮುಟ್ಟಿ ನೋಡುತ್ತ, ತಗ್ಗಿದ ದನಿಯಲ್ಲಿ, “ಆ ಕಾದಂಬರಿ ಬರೆದವನು ನಾನೇ,” ಎಂದರು. “ನಾಳೆ ಸಭೇಲಿ ನೀವು ಯಾವ ತಪ್ಪು ಎತ್ತುತ್ತೀರಿ ಅಂತ ಸ್ವಲ್ಪ ಮೊದಲೇ ಹೇಳಿದ್ರೆ ದೊಡ್ಡ ಉಪಕಾರ ಆಗುತ್ತೆ.”

ಈಗ ಭಾವನ ಕಚೇರಿಯ ಒಂದು ರೂಢಿ ಗೊತ್ತಿರಬೇಕು. ಸಾಮಾನು ಕೇಳಿಕೊಂಡು ಬಂದವರಿಗೆ ಇವರು ಯಾವತ್ತೂ ಸಾಮಾನಿನ ವಿವರ ಹೇಳುವುದಿಲ್ಲ. ಹೇಳಿದರೆ ಯಾರು ಬೇಕಾದರೂ ನನ್ನದೇ ಎನ್ನಬಹುದಲ್ಲ. ಬಂದವರೇ ಗುರುತು ಹೇಳಬೇಕು. ಇಷ್ಟು ವರ್ಷದ ಅಭ್ಯಾಸಬಲ ನೋಡಿ, ಭಾವನ ಬಾಯಿಂದ ತಾನಾಗಿ ಹೊರಬಿತ್ತು: “ಗುರುತು ನೀವೇ ಹೇಳಿ.”

ಕಾದಂಬರಿಕಾರರು ಬಿಳಿಚಿಕೊಂಡರು. “ಜ್ಯೋತಿರ್ವರ್ಷದ್ದಾ? ಅದು ದೂರದ ಅಳತೆ, ಕಾಲದ್ದಲ್ಲ ಅಂತ ಪ್ರಿಂಟಾದ್ಮೇಲೆ ಗೊತ್ತಾಯ್ತು ಸಾರ್. ‘ಜ್ಯೋತಿರ್ವರ್ಷಗಳ ಹಿಂದೆ ಅವಳನ್ನು ಪ್ರೀತಿಸಿದ್ದೆ’ ಅಂತ ಬರೆದುಬಿಟ್ಟಿದೀನಿ.”

“ಇನ್ನೇನಾದ್ರೂ ಗುರುತು ಇದೆಯಾ?” ಎಂದರು ಭಾವ. ಇದೂ ಅಭ್ಯಾಸದ ಮಾತೇ.

“ಹುಣ್ಣಿಮೆ ಚಂದ್ರ ನಡುರಾತ್ರಿಲಿ ಹುಟ್ಟಿದ್ದು ಗೊತ್ತಾಗಿಹೋಯ್ತಾ? ಹುಣ್ಣಿಮೆ ದಿನ ಅವನು ಸೂರ್ಯ ಮುಳುಗೋ ಹೊತ್ತಿಗೇ ಬರ್ತಾನಂತೆ. ನಾನು ಯಾವತ್ತೂ ಎದ್ದು ನೋಡೇ ಇಲ್ಲ ಸಾರ್. ನಕ್ಷತ್ರ ಸಿಡಿದ ಸದ್ದು ಕೇಳಿ ನಾಯಕ ಎಚ್ಚರ ಆಗ್ತಾನಲ್ಲ, ಅದೂ ಇಲ್ಲವಂತೆ. ನಡುವೆ ಗಾಳಿ ಇಲ್ಲ, ಸದ್ದು ಬರಲ್ಲ ಅಂದ್ರು.”

ಭಾವ ಮೌನವಾಗಿದ್ದರು. ಅವರ ಬಾಯಲ್ಲಿ ತುತ್ತಿತ್ತು. ಆ ಮೌನವನ್ನು ಕಾದಂಬರಿಕಾರರು ತಡೆದುಕೊಳ್ಳಲಾರದಾದರು.

“ಆಯ್ತು, ಅದನ್ನೂ ಹೇಳಿಬಿಡ್ತೀನಿ. ಕ್ವಾಂಟಮ್ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ. ನಾಯಕನ ಮನಸ್ಸಲ್ಲಿ ಏನಾಗ್ತಿದೆ ಅಂತ ಹೊಳೀದೆ ಇದ್ದಾಗಲೆಲ್ಲ ಆ ಪದ ಹಾಕಿದೀನಿ. ಹಾಕಿದ್ರೆ ಯಾರೂ ಮುಂದಕ್ಕೆ ಕೇಳಲ್ಲ. ವಿಮರ್ಶಕರಂತೂ ‘ಆಳ’ ಅಂದುಬಿಡ್ತಾರೆ. ಬಹುಮಾನ ಬಂದಾಗಿಂದ ನಿದ್ದೆ ಇಲ್ಲ ಸಾರ್. ಯಾವತ್ತಾದ್ರೂ ಒಬ್ಬರು ಕಂಡುಹಿಡೀತಾರೆ ಅಂತ ಗೊತ್ತಿತ್ತು. ಅದು ನೀವಾದ್ರಿ.”

ಮನುಷ್ಯ ಅಳುವ ಹಾಗಾದರು. ಭಾವ ತುತ್ತು ನುಂಗಿ, ಅವರನ್ನು ಒಳಗೆ ಕರೆದು, ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ ಕೊಟ್ಟರು. “ಹೆದರಬೇಡಿ. ಕಳಕೊಂಡೋರು ಇಲ್ಲಿ ಬಂದು ಏನು ಹೇಳಿದ್ರೂ ಅದನ್ನ ಹೊರಗೆ ಬಿಡೋ ಹಾಗಿಲ್ಲ. ಅದು ನಮ್ಮ ಕಚೇರಿ ಪದ್ಧತಿ,” ಎಂದರು. ಕಾದಂಬರಿಕಾರರು ಭಾವನ ಎರಡೂ ಕೈ ಹಿಡಿದುಕೊಂಡು, ಯಾರದೋ ಕೊಡೆಯೊಂದನ್ನು ತೆಗೆದುಕೊಂಡು ಹೊರಟುಹೋದರು.

ನನಗೆ ಸಂತೋಷ ತಡೆಯಲಾಗಲಿಲ್ಲ. “ಭಾವ! ಹುಡುಕೋ ಬಳ್ಳಿ ಕಾಲಿಗೆ ತೊಡರೋದು ಅಂದ್ರೆ ಇದು! ನಾಲ್ಕು ತಪ್ಪು ಸಿಕ್ಕಿತು. ನಾಳೆ ಹೇಳಿಬಿಡಿ, ಅಪ್ಪನ ಬಾಯಿ ಮುಚ್ಚುತ್ತೆ.”

“ಹೇಳಲ್ಲ ಅಂದಿದೀನಲ್ಲೋ.”

“ಅಪ್ಪ ಮನೆ ಮೆಟ್ಟಿಲು ಹತ್ತಲ್ಲ ಅಂದಿದಾರೆ!”

“ಗೊತ್ತು ಕಣೋ,” ಎಂದು ಭಾವ ಡಬ್ಬಿ ಮುಚ್ಚಿದರು. ಇಂಥವರಿಗೆ ಅಕ್ಕನನ್ನು ಕೊಟ್ಟೆವಲ್ಲ ಎಂದು ನನಗೆ ಆ ಕ್ಷಣ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಸಭೆಯ ದಿನ ಲೈಬ್ರರಿಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲಿನ ಮಹಡಿಯ ಆಂಟಿ ಮುಂದಿನ ಸಾಲಿನಲ್ಲಿ ಕೂತು, ತಮ್ಮ ಕುಕ್ಕರ್ ಮೂರನೇ ದಿನ ತಾನಾಗಿ ಕೂಗಿದ ಪವಾಡವನ್ನು ಅಕ್ಕಪಕ್ಕದವರಿಗೆ ವರ್ಣಿಸುತ್ತಿದ್ದರು. ಡಿಪೋ ಮ್ಯಾನೇಜರ್ ಎದೆಯ ಮೇಲೆ ಡಿಪೋದ ಬಿಲ್ಲೆ ಸಿಕ್ಕಿಸಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ಒಂದು ಕಡೆ ಕಾದಂಬರಿಕಾರರು, ಇನ್ನೊಂದು ಕಡೆ ಭಾವ, ನಡುವೆ ಅಪ್ಪ. ಅಪ್ಪನ ಮುಂದೆ ಆ ಕಾದಂಬರಿ, ಅದರ ತುಂಬ ಕೆಂಪು ಗೆರೆ.

ಹಲ್ಲಿನ ಡಾಕ್ಟ್ರು ಸ್ವಾಗತ ಹೇಳಿದರು. ಭಾಷಣ ಎಷ್ಟು ಉದ್ದವಾಯಿತೆಂದರೆ ಮೇಡಂ ಗಂಟೆ ಬಾರಿಸಬೇಕಾಯಿತು. ಆಮೇಲೆ ಭಾವ ಎದ್ದರು.

ಮೈಕಿನ ಮುಂದೆ ನಿಂತು ಕೆಮ್ಮಿದರು. ನೀರು ಕುಡಿದರು. ಅಪ್ಪನ ಕಡೆ ನೋಡಿದರು, ಅಪ್ಪ ಚಾವಣಿ ನೋಡುತ್ತಿದ್ದರು. ಭಾವ ಬಾಯಿ ಬಿಟ್ಟರು.

“ನಾನು ಹೇಳಿದ್ದು ಸುಳ್ಳು,” ಎಂದರು.

ಹಾಲಿನಲ್ಲಿ ಗುಜುಗುಜು ಎದ್ದಿತು.

“ಈ ಪುಸ್ತಕ ನಮ್ಮ ಕಚೇರಿಗೆ ಬಸ್ಸಲ್ಲಿ ಬಂತು. ಆವತ್ತು ನಾನು ಓದಿರ್ಲೇ ಇಲ್ಲ. ಬೇರೆ ದೋಷ ಎಲ್ಲ ಮುಗಿದುಹೋಗಿತ್ತು, ಬಾಯಿಗೆ ಬಂದದ್ದು ಹೇಳಿದೆ. ನಂಗೆ ಭೌತಶಾಸ್ತ್ರ ಬರಲ್ಲ. ಬರಲ್ಲ ಅನ್ನೋದಕ್ಕೆ ಅಧ್ಯಕ್ಷರೇ ಸಾಕ್ಷಿ.”

ಡಿಪೋ ಮ್ಯಾನೇಜರ್ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡರು. “ಮತ್ತೆ ನನ್ನ ಕುಕ್ಕರ್?” ಎಂದು ಆಂಟಿ ಕೂಗಿದರು. ಅಕ್ಕ ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಿದ್ದಳೆಂದರೆ ಬೆರಳಿಗೆ ಜೋಮು ಹತ್ತಿತು. ಅಪ್ಪ ಚಾವಣಿಯಿಂದ ಕಣ್ಣಿಳಿಸಿ ಪುಸ್ತಕ ಮುಚ್ಚಿದರು, ಮುಖ ಕಲ್ಲಾಗಿತ್ತು. ಮುಗಿಯಿತು ಎಂದುಕೊಂಡೆ. ಭಾವ ಕೂತಿದ್ದರೆ ಮುಗಿದೇ ಹೋಗುತ್ತಿತ್ತು. ಅವರು ಕೂರಲಿಲ್ಲ.

“ಆದ್ರೆ ಆಮೇಲೆ ಓದಿದೆ,” ಎಂದರು. “ಪೂರ್ತಿ ಓದಿದೆ. ಓದಿದ ಮೇಲೆ ಒಂದು ವಿಷಯ ಮನಸ್ಸನ್ನ ಕೊರೀತಾ ಇದೆ. ಈ ಪುಸ್ತಕದ ವಿಜ್ಞಾನಿ ಇದಾರಲ್ಲ, ಅವರು ಯಾವತ್ತೂ ಕೆಲಸ ಮಾಡಲ್ಲ. ಕಿಟಕಿ ಹತ್ರ ನಿಂತಿರ್ತಾರೆ. ನಕ್ಷತ್ರ ಅಂತಾರೆ, ಶೂನ್ಯ ಅಂತಾರೆ. ಒಂದು ದಿನವೂ ಅವರ ಲೆಕ್ಕ ತಪ್ಪಲ್ಲ. ಏನೂ ಒಡೆದುಹೋಗಲ್ಲ. ಲೈಬ್ರರಿ ಮೇಡಂ ಇಂಥವೇ ಇನ್ನೆರಡು ಹೊಸ ಪುಸ್ತಕ ಕೊಟ್ರು, ಅವುಗಳಲ್ಲೂ ಹೀಗೇ. ಎಲ್ಲರೂ ಕಿಟಕಿ ಹತ್ರ. ನಂಗೆ ಭೌತಶಾಸ್ತ್ರ ಗೊತ್ತಿಲ್ಲ, ಆದ್ರೆ ಭೌತಶಾಸ್ತ್ರ ಮಾಡೋರನ್ನ ಒಬ್ಬರನ್ನ ನೋಡಿದೀನಿ. ಅವರು ಹೀಗೆ ಇರ್ಲಿಲ್ಲ.”

ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು.

“ನಮ್ಮ ಮೇಷ್ಟ್ರು ಒಂದ್ಸಲ ಏನೋ ಪ್ರಯೋಗ ತೋರಿಸ್ತಿದ್ರು. ಬರಲಿಲ್ಲ. ಹುಡುಗರು ನಕ್ಕರು. ಮತ್ತೆ ಮಾಡಿದ್ರು, ಬರಲಿಲ್ಲ. ಬೆಲ್ ಹೊಡೀತು, ಬಿಡಲಿಲ್ಲ. ಬೆವರು ಸುರೀತಿತ್ತು. ಅಷ್ಟು ದೊಡ್ಡ ಮನುಷ್ಯರು ನಮ್ಮಂಥ ಹುಡುಗರ ಮುಂದೆ ಸೋತು ನಿಂತಿದ್ರು, ಆದ್ರೂ ಬಿಡಲಿಲ್ಲ. ಕೊನೆಗೆ ಬಂತು. ಬಂದಾಗ ಅವರ ಮುಖ ಇತ್ತಲ್ಲ...” ಭಾವ ಅಪ್ಪನ ಮುಂದಿದ್ದ ಪುಸ್ತಕದ ಕಡೆ ಕೈ ತೋರಿಸಿದರು. “ಆ ಮುಖ ಈ ಪುಸ್ತಕದಲ್ಲಿ ಎಲ್ಲೂ ಇಲ್ಲ. ದೊಡ್ಡ ದೊಡ್ಡ ಪದ ಎಲ್ಲ ಇವೆ. ಆ ಮುಖ ಇಲ್ಲ. ಇಷ್ಟೇ ನಂಗೆ ಅನ್ನಿಸಿದ್ದು. ತಪ್ಪಿದ್ರೆ ಕ್ಷಮಿಸಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ನೇರವಾಗಿ ಭಾವನ ಕಡೆ ತಿರುಗಿದರು.

“ಯಾವ ಪ್ರಯೋಗ?” ಎಂದರು.

ಎರಡೇ ಪದ. ಹಾಲಿನಲ್ಲಿದ್ದವರಿಗೆ ಅದು ಅಧ್ಯಕ್ಷರ ಮಾಮೂಲು ಪ್ರಶ್ನೆ. ನನ್ನ ಪಕ್ಕದಲ್ಲಿ ಅಕ್ಕ ದಡಕ್ಕನೆ ಎದ್ದು ನಿಂತುಬಿಟ್ಟಳು, ಹಿಂದಿನವರು ಕೂರಮ್ಮ ಕಾಣಿಸ್ತಿಲ್ಲ ಎಂದು ಬೈದರು. ವೇದಿಕೆಯ ಮೇಲೆ ಭಾವ ಗರಬಡಿದವರಂತೆ ನಿಂತಿದ್ದರು. ಇಷ್ಟು ವರ್ಷ ಕಾದ ಪ್ರಶ್ನೆ ಎದುರಿಗೆ ಬಂದು ನಿಂತಿತ್ತು, ಉತ್ತರ ಮಾತ್ರ ಇರಲಿಲ್ಲ.

“ಗೊತ್ತಿಲ್ಲ ಸಾರ್,” ಎಂದರು. “ಎಲ್ಲರೂ ಗೋಡೆ ನೋಡ್ತಿದ್ರು. ನಾನು ಮೂಲೇಲಿ ನಿಂತಿದ್ದೆ, ನೀವೇ ನಿಲ್ಲಿಸಿದ್ರಿ. ಅಲ್ಲಿಂದ ಗೋಡೆ ಕಾಣ್ತಿರ್ಲಿಲ್ಲ. ನಿಮ್ಮ ಮುಖ ಮಾತ್ರ ಕಾಣ್ತಿತ್ತು.”

ಅಪ್ಪ ಮೆಲ್ಲಗೆ ಹೇಳಿದರು: “ಬೆಳಕು ಒಡೆದು ಏಳು ಬಣ್ಣ ಆಗೋ ಪ್ರಯೋಗ. ಸೂರ್ಯನಿಗೆ ಮೋಡ ಅಡ್ಡ ಬರ್ತಾನೇ ಇತ್ತು.” ಆಮೇಲೆ ಎದ್ದು ನಿಂತು, ಮೈಕನ್ನು ಪಕ್ಕಕ್ಕೆ ಸರಿಸಿದರು. ಅಪ್ಪನ ದನಿಗೆ ಮೈಕು ಎಂದೂ ಬೇಕಾಗಿಲ್ಲ.

“ತೀರ್ಪು ಹೇಳ್ತೀನಿ. ಈ ಪುಸ್ತಕದಲ್ಲಿ ಚಿಲ್ಲರೆ ತಪ್ಪುಗಳು ಕೆಲವು ಇವೆ. ಚಂದ್ರ ಹೊತ್ತಲ್ಲದ ಹೊತ್ತಲ್ಲಿ ಹುಟ್ಟಿದಾನೆ. ಅವನ್ನೆಲ್ಲ ನಾನು ಪೆನ್ಸಿಲಲ್ಲಿ ತಿದ್ದಿದೀನಿ, ಮುಂದಿನ ಮುದ್ರಣಕ್ಕೆ ಸರಿಹೋಗುತ್ತೆ. ದೊಡ್ಡ ತಪ್ಪು ನಂಗೂ ಕಂಡಿರ್ಲಿಲ್ಲ. ಅದನ್ನ ಹಿಡಿದೋರು ನಮ್ಮ ಅಳಿಯಂದಿರು. ಈ ಕಾದಂಬರಿಯಲ್ಲಿ ಭೌತಶಾಸ್ತ್ರ ತಪ್ಪಾಗಿದೆ. ಅವರು ಹೇಳಿದ್ದು ಸರಿ!”

ಆಗ ಬಿತ್ತು ನೋಡಿ ಚಪ್ಪಾಳೆ! ಸೂರು ಹಾರಿಹೋಗಬೇಕು! ಮೇಡಂ ಗಂಟೆಯನ್ನು ಕಾರಣವಿಲ್ಲದೆ ಬಾರಿಸಿದರು. ಡಿಪೋ ಮ್ಯಾನೇಜರ್ ಜೇಬಿನಿಂದ ಬಿಲ್ಲೆ ತೆಗೆದು ಮತ್ತೆ ಸಿಕ್ಕಿಸಿಕೊಂಡು, “ನಮ್ಮ ಡಿಪೋದೋರು ಕಣ್ರೀ ಅವರು, ನಮ್ಮ ಡಿಪೋದೋರು!” ಎಂದು ಸಿಕ್ಕಸಿಕ್ಕವರ ಕೈ ಕುಲುಕಿದರು. ಕಾದಂಬರಿಕಾರರು ಎದ್ದುಬಂದು ಭಾವನನ್ನು ತಬ್ಬಿಕೊಂಡರು. ಅಪ್ಪನ ಮುಂದೆ ಕೈಮುಗಿದು, ಮುಂದಿನ ಕಾದಂಬರಿ ಬರೆಯುವ ಮೊದಲು ನಿಮ್ಮ ಶಾಲೆಯ ಲ್ಯಾಬಿನಲ್ಲಿ ಸ್ವಲ್ಪ ದಿನ ಕೂರಬಹುದೇ ಎಂದು ಕೇಳಿದರು. “ಕೂರೋದಲ್ಲ, ಪಾತ್ರೆ ತೊಳೀಬೇಕು,” ಎಂದರು ಅಪ್ಪ. ಭಾವ ಮಾತ್ರ ವೇದಿಕೆಯ ಮೂಲೆಯಲ್ಲಿ ನಿಂತು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮರುದಿನ ಬೆಳಗ್ಗೆ ನಾನು ಅಕ್ಕನ ಮನೆಗೆ ಹೋದಾಗ ಅಪ್ಪ ಆಗಲೇ ಅಲ್ಲಿದ್ದರು. ಮಾವ ಅಳಿಯ ಒಂದೇ ಬೆಂಚಿನ ಮೇಲೆ ಕೂತು ಕಾದಂಬರಿಯನ್ನು ನಡುವೆ ಹರಡಿಕೊಂಡಿದ್ದರು. ಅಪ್ಪನದು ಒಂದೇ ಸಮನೆ ಪ್ರಶ್ನೆ. “ಈ ಹೆಂಡತಿ ಯಾಕೆ ಇವನನ್ನ ಬಿಟ್ಟುಹೋಗಲಿಲ್ಲ? ನಿಂಗೇನು ಅನ್ಸುತ್ತೆ? ಇಲ್ಲಿ ಇವನು ಅಳ್ತಾನಲ್ಲ, ಯಾಕೆ?” ಅಷ್ಟು ವರ್ಷದ ಬಾಕಿ ಪ್ರಶ್ನೆಗಳನ್ನೆಲ್ಲ ಒಂದೇ ಬೆಳಗಿನಲ್ಲಿ ಕೇಳಿ ಮುಗಿಸುವ ಆತುರ. ಭಾವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ, ಆದರೂ ಒಂದನ್ನೂ ಬಿಡದೆ ಉತ್ತರ ಕೊಡುತ್ತಿದ್ದರು. ಹೆಚ್ಚಿನವು ತಪ್ಪೇ ಇದ್ದವು. ಅಪ್ಪ ಸಿಟ್ಟಾಗಿ ತಿದ್ದುತ್ತಿದ್ದರು, ಭಾವ ಪಟ್ಟು ಬಿಡದೆ ವಾದಿಸುತ್ತಿದ್ದರು. ಸಾರ್ ಎನ್ನುವುದು ನಡುನಡುವೆ ಮರೆತುಹೋಗಿ “ಅಲ್ಲ ಮಾವ, ನನ್ನ ಮಾತು ಕೇಳಿ ಇಲ್ಲಿ” ಎಂದೂ ಆಗುತ್ತಿತ್ತು.

ಅಕ್ಕ ಎರಡು ಲೋಟ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ರೀ, ಚಹಾ,” ಎಂದಳು. ಯಾರೂ ತಿರುಗಲಿಲ್ಲ. “ಅಪ್ಪಾ, ಚಹಾ ಆರುತ್ತೆ,” ಎಂದಳು. ಯಾರಿಗೂ ಕೇಳಿಸಲಿಲ್ಲ. ಲೋಟಗಳನ್ನು ನನ್ನ ಕೈಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

“ಇಷ್ಟು ವರ್ಷ ಇವರಿಬ್ಬರ ಮಾತು ಹೊತ್ತೂ ಹೊತ್ತೂ ನಂಗೆ ಸಾಕಾಗಿತ್ತು ಕಣೋ,” ಎಂದಳು. “ಈಗ ನೋಡು, ನನ್ನ ಮಾತು ಕೇಳೋಕೇ ಇಲ್ಲಿ ಯಾರಿಗೂ ಬಿಡುವಿಲ್ಲ. ಹೋಗು, ನನ್ನ ಗಂಡನಿಗೂ ನಮ್ಮಪ್ಪನಿಗೂ ಚಹಾ ಕುಡೀರಿ ಅಂತ ನೀನಾದ್ರೂ ಹೇಳು!”